ನಾಳೆ, ನೀರಿಲ್ಲ, ಧನ್ಯವಾದ

ನೀರು ಸರಬರಾಜು ಕಚೇರಿಯಲ್ಲಿ ಆತನಿಗೆ ತಿರುಗಣಿ ಎಂದು ಹೆಸರಿಟ್ಟವರು ಯಾರೋ, ಹೆಸರಂತೂ ಅಂಟಿಕೊಂಡುಬಿಟ್ಟಿತ್ತು. ಎದುರಿಗೆ ಎಲ್ಲರೂ ‘ಸಾರ್’ ಅನ್ನುತ್ತಿದ್ದರು, ಬೆನ್ನ ಹಿಂದೆ ತಿರುಗಣಿ. ಬೆನ್ನು ಯಾವಾಗ ಎತ್ತ ತಿರುಗುತ್ತದೆಂದು ಹೇಳಲಾಗದ ಮನುಷ್ಯನಾದ್ದರಿಂದ ಎರಡೂ ಹೆಸರು ಆತನ ಕಿವಿಗೆ ಬಿದ್ದಿದ್ದವು.

ಕೂತಲ್ಲಿ ಕೂರುವುದು ಆತನ ಜಾಯಮಾನದಲ್ಲೇ ಇರಲಿಲ್ಲ. ಹಲ್ಲುಜ್ಜುವುದನ್ನು ಬಚ್ಚಲಲ್ಲಿ ಶುರುಮಾಡಿದರೆ ಮುಗಿಸುವಾಗ ತಾರಸಿಯ ಮೇಲಿರುತ್ತಿದ್ದ. ಫೋನು ಬಂದರೆ ಮಾತಾಡುತ್ತಾ ಮೇಜಿನ ಸುತ್ತ ಸುತ್ತುತ್ತಿದ್ದ. ಬರದಿದ್ದರೆ ಯಾಕೆ ಬರಲಿಲ್ಲವೆಂದು ಸುತ್ತುತ್ತಿದ್ದ. ಈ ಸುತ್ತಾಟದಿಂದ ಲೋಕಕ್ಕೆ ಅದುವರೆಗೆ ಯಾವ ಹಾನಿಯೂ ಆಗಿರಲಿಲ್ಲ, ಕಚೇರಿಯ ನೆಲಹಾಸು ಸವೆದದ್ದು ಬಿಟ್ಟರೆ.

ಹಾನಿ ಶುರುವಾದದ್ದು ದೊಡ್ಡ ಸಾಹೇಬರು ಕರೆದ ಮೀಟಿಂಗಿನಲ್ಲಿ. ಊರಿಗೆ ಇದ್ದದ್ದು ಒಂದೇ ನೀರಿನ ಟ್ಯಾಂಕು. ಅದಕ್ಕೂ ವಯಸ್ಸಾಗಿ ಮೈಯೆಲ್ಲ ಬಿರುಕು. ಎರಡನೆಯ ಟ್ಯಾಂಕು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಮೇಲಿನಿಂದ ಒಂದು ಸಮಿತಿ ಬರುವುದಿತ್ತು.

“ಅವರ ಮುಂದೆ ಒಳ್ಳೇ ಸ್ಲೈಡ್ ಹಾಕಿ ತೋರಿಸ್ಬೇಕು. ಕಣ್ಣಿಗೆ ಹೊಡೆಯೋ ಹಾಗಿರ್ಬೇಕು,” ಅಂದರು ಸಾಹೇಬರು. “ಯಾರು ಮಾಡ್ತೀರಿ?”

ಕೂತಿದ್ದವರೆಲ್ಲ ತಮ್ಮ ತಮ್ಮ ಚಪ್ಪಲಿಗಳನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ತಿರುಗಣಿ ಮಾತ್ರ ಅದೇ ಗಳಿಗೆಯಲ್ಲಿ ಕಾಲು ಜೋಮು ಹಿಡಿಯಿತೆಂದು ಎದ್ದು ನಿಂತ.

“ಭೇಷ್! ಒಬ್ರಾದ್ರೂ ಎದ್ರಲ್ಲ!” ಸಾಹೇಬರ ಮುಖ ಅರಳಿತು. “ನಿಮಗೆ ಬರುತ್ತೇನ್ರೀ ಇದೆಲ್ಲ?”

ಬರುವುದಿಲ್ಲ ಎಂದು ಹೇಳಿ ಕೂತಿದ್ದರೆ ಊರು ನೆಮ್ಮದಿಯಾಗಿರುತ್ತಿತ್ತು. ಆದರೆ ಕಂಪ್ಯೂಟರ್ ಮುಂದೆ ಕೂರುವ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕದ್ದು ಆತನ ಕಣ್ಣಿಗೆ ಬಿದ್ದುಬಿಟ್ಟಿತು.

“ಅದೇನ್ ಮಹಾ ಸಾರ್? ನಮ್ಮನೇಲಿ ದಿನಬೆಳಗಾದ್ರೆ ಅದೇ ಕೆಲಸ!”

ಇದು ಪೂರ್ತಿ ಸುಳ್ಳೇನಲ್ಲ. ಆತನ ಹೆಂಡತಿಯ ತಮ್ಮ ಕಂಪನಿಯಿಂದ ಕಂಪನಿಗೆ ಹೋಗಿ ಸ್ಲೈಡ್ ಮಾಡುವುದು ಹೇಗೆಂದು ದೊಡ್ಡ ದೊಡ್ಡವರಿಗೆ ಪಾಠ ಹೇಳುವವನು. ಆಗಾಗ ಅಕ್ಕನ ಮನೆಗೆ ಊಟಕ್ಕೆ ಬಂದಾಗ ಅದೇ ವಿಷಯ ಮಾತಾಡುತ್ತಿದ್ದ. ತಿರುಗಣಿ ಆಗೆಲ್ಲ ತಾರಸಿಯಲ್ಲಿ ಸುತ್ತುತ್ತಿದ್ದ, ಅಷ್ಟೇ.

ಮನೆಗೆ ಬಂದು ಸುದ್ದಿ ಹೇಳಿದಾಗ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ.

“ಎರಡನೇ ಟ್ಯಾಂಕ್ ಎಲ್ಲಿ ಕಟ್ತಾರಂತೆ?”

“ಇಲ್ಲೇ, ನಮ್ಮ ದಿಬ್ಬದ ಮೇಲೆ.”

ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. ಅವರ ಮನೆ ಏರುಬೀದಿಯ ತುತ್ತತುದಿಯಲ್ಲಿ, ಮೊದಲ ಮಹಡಿಯಲ್ಲಿತ್ತು. ಕೆಳಗಿನವರೆಲ್ಲ ಹಿಡಿದು ಮಿಕ್ಕಿದ್ದು ಅಲ್ಲಿಗೆ ಏರಬೇಕು.

“ನೀರಿನ ಆಫೀಸಿನೋರ ಮನೆ ಅಂತ ಹೆಸರಿಗೆ. ನಲ್ಲಿ ತಿರುಗಿಸಿದ್ರೆ ಬರೋದು ಬರೀ ಉಸಿರು. ಕೆಳಗಡೆ ನರ್ಸಮ್ಮನ ಮನೆಯಿಂದ ಕೊಡ ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದುಹೋಯ್ತು. ಇದೊಂದು ಕೆಲಸ ನೆಟ್ಟಗೆ ಮಾಡ್ರಿ. ಇನ್ನು ನಿಮ್ಮನ್ನ ಏನೂ ಕೇಳಲ್ಲ.”

ಇನ್ನು ಏನೂ ಕೇಳುವುದಿಲ್ಲ ಎಂಬ ಮಾತು ಹೆಂಡತಿಯ ಬಾಯಿಂದ ಬಂತೆಂದರೆ ಅದು ಸಾಮಾನ್ಯ ಸಂಗತಿಯಲ್ಲ. ತಿರುಗಣಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಾ, ನಡುನಡುವೆ ಬಂದು ಕಂಪ್ಯೂಟರಿಗೆ ಕುಟ್ಟುತ್ತಾ, ಸಮಿತಿ ಬರುವ ಹಿಂದಿನ ದಿನದ ಹೊತ್ತಿಗೆ ಸ್ಲೈಡುಗಳನ್ನು ಮುಗಿಸಿದ. ಔಷಧಿ ಡಬ್ಬಿಯೊಳಗೆ ಮಡಿಸಿಟ್ಟ ಕಾಗದದಲ್ಲಿರುತ್ತದಲ್ಲ, ಅಂಥ ಅಕ್ಷರ. ಹಸಿರು ಹಿನ್ನೆಲೆ, ಅದರ ಮೇಲೆ ಕೆಂಪು ಬರಹ, ಬರಹಕ್ಕೆ ಹಳದಿ ನೆರಳು. ಒಂದೊಂದು ಪದವೂ ಮೂಲೆಯಿಂದ ಪಲ್ಟಿ ಹೊಡೆಯುತ್ತಾ ಬಂದು, ಗಿರಗಿರ ತಿರುಗಿ, ಡಬ್ ಎಂದು ಸದ್ದು ಮಾಡಿ ಕೂರುತ್ತಿತ್ತು.

ಅಂದು ಮಧ್ಯಾಹ್ನ ಬಂದ ಭಾಮೈದ ಒಂದು ಸ್ಲೈಡು ಪೂರ್ತಿಯಾಗಿ ಬಂದು ಕೂರುವವರೆಗೆ ತಾಳ್ಮೆಯಿಂದ ಕಾದ. ಅಷ್ಟರಲ್ಲಿ ಅವನ ಟೀ ಆರಿತು.

“ಭಾವ, ಇದನ್ನ ಓದೋಕೆ ಸಮಿತಿಯೋರು ರಜೆ ಹಾಕ್ಬೇಕಾಗುತ್ತೆ.”

“ಎಲ್ಲಾ ವಿಷಯ ಬರ್ಬೇಕಲ್ಲಪ್ಪ!”

“ಸ್ಲೈಡ್ ಅಂದ್ರೆ ಓದೋದಲ್ಲ, ನೋಡೋದು. ಅವರು ಓದ್ತಾ ಕೂತ್ರೆ ನಿಮ್ಮ ಮಾತು ಕೇಳೋರು ಯಾರು? ಒಂದು ಸ್ಲೈಡಿಗೆ ಒಂದೇ ವಿಷಯ. ಬಿಳೀ ಹಿನ್ನೆಲೆ, ಕಪ್ಪು ಅಕ್ಷರ. ಕೊನೇ ಸಾಲಲ್ಲಿ ತೂಕಡಿಸ್ತಾ ಕೂತೋನಿಗೂ ಕಾಣ್ಬೇಕು. ಮಿಕ್ಕಿದ್ದೆಲ್ಲ ನಿಮ್ಮ ಬಾಯಲ್ಲಿರಲಿ, ಅಂಕಿಅಂಶ ಕಾಗದದಲ್ಲಿರಲಿ.”

ಇಷ್ಟು ಹೇಳಿ ಅವನು ಕಂಪ್ಯೂಟರನ್ನು ತನ್ನತ್ತ ಎಳೆದುಕೊಂಡ. ‘ಮುಂಬರುವ ವರ್ಷಗಳಲ್ಲಿ ಊರಿನ ಜನಸಂಖ್ಯೆಯ ಹೆಚ್ಚಳ ಹಾಗೂ ನಾಳಿನ ಅಗತ್ಯಗಳು’ ಎಂದಿದ್ದ ಸ್ಲೈಡಿನಲ್ಲಿ ‘ನಾಳೆ’ ಮಾತ್ರ ಉಳಿಯಿತು. ‘ಈಗಿರುವ ಏಕೈಕ ಟ್ಯಾಂಕು ಕೈಕೊಟ್ಟಲ್ಲಿ ಊರಿನ ಬಹುಭಾಗಕ್ಕೆ ನೀರಿಲ್ಲದಂತಾಗುವ ಸಂಭವವಿರುತ್ತದೆ’ ಎಂಬುದು ‘ನೀರಿಲ್ಲ’ ಆಯಿತು.

“ಸಂಭವ ಬೇಡ್ವೇನಪ್ಪ?”

“ಬಾಯಲ್ಲಿ ಹೇಳಿ.”

“ಟ್ಯಾಂಕು?”

“ಅದೂ ಬಾಯಲ್ಲೇ.”

ಸಮಿತಿಯ ಮಾನ್ಯ ಸದಸ್ಯರಿಗೆ ತುಂಬುಹೃದಯದಿಂದ ಅರ್ಪಿಸಿದ್ದ ಉದ್ದನೆಯ ವಂದನೆ ‘ಧನ್ಯವಾದ’ ಆಯಿತು. ಮಿಕ್ಕ ಸ್ಲೈಡುಗಳು ಹೇಳಹೆಸರಿಲ್ಲದೆ ಹೋದವು. ಮೂಲೆಯಲ್ಲಿದ್ದ ಇಲಾಖೆಯ ಲಾಂಛನಕ್ಕೂ ಅವನು ಕೈಹಾಕಿದಾಗ ತಿರುಗಣಿ ಅಡ್ಡ ನಿಂತ.

“ಅದನ್ನ ಮಾತ್ರ ಮುಟ್ಟಬೇಡ ಮಾರಾಯ, ಕೆಲಸ ಹೋಗುತ್ತೆ!”

ಲಾಂಛನ ಉಳಿಯಿತು. “ಒಂದ್ಸಲ ದೂರ ನಿಂತು ಪರೀಕ್ಷೆ ಮಾಡ್ಕೊಳ್ಳಿ ಭಾವ,” ಎಂದು ಹೇಳಿ ಭಾಮೈದ ಹೊರಟುಹೋದ.

ಕಚೇರಿಯಿಂದ ತಂದಿದ್ದ ಪ್ರೊಜೆಕ್ಟರನ್ನು ತಿರುಗಣಿ ಕತ್ತಲಾಗುತ್ತಿದ್ದಂತೆ ಹೊತ್ತಿಸಿದ. ದೂರ ನಿಲ್ಲೋಣವೆಂದರೆ ಆ ಮನೆಯಲ್ಲಿ ದೂರವೆಂಬುದೇ ಇರಲಿಲ್ಲ. ಹಿಂದಕ್ಕೆ ಸರಿದರೆ ಬೀರು ತಾಗುತ್ತಿತ್ತು. ಆಗ ಆತನ ಕಣ್ಣು ಬೀದಿಯಾಚೆಯ ಗೋದಾಮಿನ ಮೇಲೆ ಬಿತ್ತು. ಕಿಟಕಿಯಿಲ್ಲದ, ಹೊಸದಾಗಿ ಸುಣ್ಣ ಹೊಡೆದ, ಮೈದಾನದಂಥ ಗೋಡೆ. ಕಿಟಕಿ ತೆರೆದು ಬೆಳಕನ್ನು ಅದರ ಮೇಲೆ ಬಿಟ್ಟು, ಸ್ಲೈಡುಗಳು ತಾವಾಗಿಯೇ ಒಂದಾದ ಮೇಲೊಂದು ಬರುವಂತೆ ಏರ್ಪಾಡು ಮಾಡಿ, ಬೀದಿಗಿಳಿದು ಇಳಿಜಾರಿನ ಕೊನೆಯವರೆಗೆ ನಡೆದ. ತಿರುಗಿ ನೋಡಿದ. ಒಂದೊಂದು ಅಕ್ಷರ ಒಂದೊಂದು ಬಾಗಿಲಿನಷ್ಟು ದೊಡ್ಡದು! ಕೊನೆಯ ಸಾಲೇನು, ಪಕ್ಕದ ಬೀದಿಯಲ್ಲಿ ತೂಕಡಿಸುವವನಿಗೂ ಕಾಣುತ್ತಿತ್ತು.

ಖುಷಿ ತಡೆಯಲಾಗಲಿಲ್ಲ. ಬಾಯಲ್ಲಿ ಹೇಳಬೇಕಾದದ್ದನ್ನು ಉರುಹೊಡೆಯಬೇಕೆಂದು ದಾಪುಗಾಲು ಹಾಕಿ ಬಂದವನು, ಹಿಂದಿನ ಮೆಟ್ಟಿಲು ಹತ್ತಿ ನೇರ ಅಡುಗೆಮನೆಗೆ ನುಗ್ಗಿ, “ಮಾನ್ಯರೇ” ಎಂದು ಶುರುಮಾಡಿ ಒಲೆಗೂ ಬಾಗಿಲಿಗೂ ನಡುವೆ ಶತಪಥ ಹಾಕತೊಡಗಿದ. ಮುಂದಿನ ಕೋಣೆಯಲ್ಲಿ ಪ್ರೊಜೆಕ್ಟರು ತನ್ನ ಪಾಡಿಗೆ ಉರಿಯುತ್ತಿರುವುದು ಆತನ ತಲೆಯಿಂದ ಪೂರ್ತಿ ಹಾರಿಹೋಯಿತು.

ಬೀದಿಯಲ್ಲಿ ಏನೋ ಗದ್ದಲ. ಬಕೆಟ್ಟುಗಳ ಸದ್ದು, ಯಾರನ್ನೋ ಯಾರೋ ಕೂಗುವುದು, ಮೋಟಾರುಗಳ ಗುಂಯ್‌ಗುಟ್ಟುವಿಕೆ. ‘ಮಾನ್ಯರೇ’ಯಿಂದ ಮುಂದಕ್ಕೆ ಹೋಗಲಾಗದೆ ಒದ್ದಾಡುತ್ತಿದ್ದವನಿಗೆ ಅದು ಕಿರಿಕಿರಿಯಾಯಿತು. ಅಷ್ಟರಲ್ಲಿ ಹಿಂಬಾಗಿಲು ಬಡಿದ ಶಬ್ದ. ಕೆಳಮನೆಯ ನರ್ಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏದುಸಿರು ಬಿಡುತ್ತಾ ನಿಂತಿದ್ದಳು.

“ಅಣ್ಣಾ, ನೀವು ತುಂಬಿಸ್ಕೊಂಡ್ರಾ?”

“ಏನನ್ನ?”

“ನೀರು! ನಾಳೆ ನೀರಿಲ್ವಂತಲ್ಲ! ಇಲಾಖೆಯೋರೇ ಹೇಳಿದಾರಂತೆ, ಲಾಂಛನ ಹಾಕಿ! ದರ್ಜಿ ಕಣ್ಣಾರೆ ನೋಡಿದಾನೆ.” ಇಷ್ಟು ಹೇಳಿ ಆಕೆ ಬಂದಷ್ಟೇ ರಭಸದಿಂದ ಇಳಿದು ಓಡಿದಳು.

ತಿರುಗಣಿಯ ಮೈ ಉರಿದುಹೋಯಿತು. ನಾಳೆ ನೀರಿಲ್ಲ ಎಂಬುದಕ್ಕಲ್ಲ. ಇಲಾಖೆಯಲ್ಲೇ ಕೂದಲು ನರೆಸಿಕೊಂಡ ತನಗೆ ಒಂದು ಮಾತೂ ತಿಳಿಸದೆ ಬೀದಿಯ ದರ್ಜಿಗೆ ತಿಳಿಸಿದರಲ್ಲ ಎಂಬುದಕ್ಕೆ.

“ನೋಡಿದ್ಯೇನೇ? ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ!”

“ಲೆಕ್ಕ ಆಮೇಲೆ ನೋಡ್ಕೊಳ್ಳಿ, ಮೊದ್ಲು ಆ ಕೊಡ ಇಲ್ಲಿ ಕೊಡಿ,” ಎಂದು ಹೆಂಡತಿ ನಲ್ಲಿಯತ್ತ ಧಾವಿಸಿದಳು. ನಲ್ಲಿಯಿಂದ ದಾರದಷ್ಟು ನೀರು ಇಳಿಯತೊಡಗಿತು.

ತಿರುಗಣಿ ಪಂಪ್‌ಹೌಸಿಗೆ ಫೋನು ಮಾಡಿದ. ಅತ್ತ ಪಂಪಿನವನು ಗಾಬರಿಯಲ್ಲಿದ್ದ.

“ಸಾರ್, ಟ್ಯಾಂಕಲ್ಲಿ ನೀರು ಸರಸರ ಇಳೀತಿದೆ ಸಾರ್! ಯಾಕೆ ಅಂತಾನೇ ಗೊತ್ತಾಗ್ತಿಲ್ಲ. ಎಲ್ಲಾದ್ರೂ ಒಡೀತಾ ಏನ್ ಕಥೆ?”

ಅಲ್ಲಿಗೆ ಸಂಶಯವೇ ಉಳಿಯಲಿಲ್ಲ. ತಿರುಗಣಿ ಬೀದಿಗೆ ಹಾರಿದ. ಗೋದಾಮಿನ ಎದುರಿನ ದರ್ಜಿ ಅಂಗಡಿಯ ಮುಂದೆ ಊರೇ ನೆರೆದಿತ್ತು. ನೀರಿನ ಆಫೀಸಿನವನನ್ನು ಕಂಡೊಡನೆ ಜನ ಸುತ್ತುಗಟ್ಟಿದರು. ಗೋಡೆ ಆತನ ಬೆನ್ನ ಹಿಂದಾಯಿತು.

“ನೀವೇ ಹೇಳಿ ಸಾರ್, ನಿಜಾನಾ?” ಕೇಳಿದ ದರ್ಜಿ.

ತನಗೂ ಈಗಷ್ಟೇ ಗೊತ್ತಾಯಿತು ಎಂದು ಹೇಳುವುದಾದರೂ ಹೇಗೆ? ತಿರುಗಣಿ ಗಂಟಲು ಸರಿಮಾಡಿಕೊಂಡ.

“ನೋಡಿ, ಇದು ಇಲಾಖೆಯ ಒಳಗಿನ ವಿಷಯ. ಹೆಚ್ಚು ಹೇಳೋ ಹಾಗಿಲ್ಲ. ಟ್ಯಾಂಕ್ ಖಾಲಿ ಆಗ್ತಿದೆ. ಅಷ್ಟು ತಿಳ್ಕೊಳ್ಳಿ.”

ಅಷ್ಟೇ ಸಾಕಾಯಿತು. ಇದ್ದಬದ್ದವರೆಲ್ಲ ಫೋನು ತೆಗೆದು ಬೇರೆ ಬೀದಿಗಳಲ್ಲಿದ್ದ ಅಣ್ಣತಮ್ಮಂದಿರಿಗೆ, ಬೀಗರಿಗೆ, ಮಾತು ಬಿಟ್ಟಿದ್ದ ನಾದಿನಿಯರಿಗೆ ಸುದ್ದಿ ಮುಟ್ಟಿಸಿದರು. ಕೊಡ, ಹಂಡೆ, ಕುಕ್ಕರು, ಕೂಸಿನ ಸ್ನಾನದ ತೊಟ್ಟಿ, ಹೂಕುಂಡ ಎಲ್ಲ ತುಂಬಿದವು. ಒಂದು ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ತುಂಬಿ ಬಾಗಿಲು ಮುಚ್ಚಿದರು. ದರ್ಜಿಯಂತೂ ಹೊಲಿಗೆಗೆ ಬಂದಿದ್ದ ಎರಡು ರೇನ್‌ಕೋಟುಗಳ ತೋಳಿಗೂ ತಳಕ್ಕೂ ಹೊಲಿಗೆ ಹಾಕಿ, ಕತ್ತಿನಿಂದ ನೀರು ತುಂಬಿಸಿ ಗೋಡೆಗೆ ಒರಗಿಸಿದ. ಇಬ್ಬರು ದಪ್ಪನೆಯ ಗಿರಾಕಿಗಳು ಕಾಯುತ್ತ ಕೂತಂತೆ ಕಾಣುತ್ತಿತ್ತು.

“ಅಲ್ಲಾ, ನನಗೇ ಹೇಳದೆ ನಿಮಗೆ ಹೇಳಿದ್ದು ಯಾರ್ರೀ?” ತಿರುಗಣಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಇದೇನ್ ಸಾರ್ ಹೀಗ್ ಕೇಳ್ತೀರಿ? ಹಿಂದೆ ತಿರುಗಿ ನೋಡಿ. ಇನ್ನೂ ಹೇಳ್ತಾನೇ ಇದೆ.”

ತಿರುಗಣಿ ತಿರುಗಿದ.

ನಾಳೆ, ಅಂದಿತು ಗೋಡೆ. ಸ್ವಲ್ಪ ಹೊತ್ತು ಬಿಟ್ಟು, ನೀರಿಲ್ಲ, ಅಂದಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಧನ್ಯವಾದ.

“ಕತ್ತು ಕುಯ್ದು ಧನ್ಯವಾದ ಬೇರೆ!” ಎಂದು ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನೆಟಿಕೆ ಮುರಿದು ಶಾಪ ಹಾಕಿದಳು.

ತಿರುಗಣಿಯ ಕಾಲು ಎಂದಿನಂತೆ ಓಡಿತು. ಮೆಟ್ಟಿಲು ಹಾರಿ ಮನೆಯೊಳಗೆ ಬಿದ್ದವನು ಮೊದಲು ಮಾಡಿದ್ದು ಹೆಂಡತಿಯ ಕೈ ಹಿಡಿದದ್ದು.

“ನಿಲ್ಸು! ನಲ್ಲಿ ನಿಲ್ಸು! ಇದೆಲ್ಲ ಸುಳ್ಳು. ಅದು ನನ್ನ ಸ್ಲೈಡು!”

“ಅರ್ಧ ಕೊಡಾನೂ ಆಗಿಲ್ಲ ಕಣ್ರೀ!”

“ಆಫೀಸಿನೋರ ಮನೇಲೇ ತುಂಬಿಸ್ಕೊಂಡ್ರೆ ಜನ ಹೇಗೆ ನಂಬ್ತಾರೆ? ನಾವು ಮಾದರಿಯಾಗಿರ್ಬೇಕು.”

ಹೆಂಡತಿ ಆತನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ನಲ್ಲಿ ನಿಲ್ಲಿಸಿದಳು.

ಪ್ರೊಜೆಕ್ಟರಿನ ವಯರು ಕಿತ್ತಿದ್ದರೆ ಮುಗಿಯುತ್ತಿತ್ತು. ಆದರೆ ಮಾಡಿದ ತಪ್ಪನ್ನು ಅದೇ ಗೋಡೆಯ ಮೇಲೆ ತಿದ್ದಬೇಕೆಂಬ ಹಟ ಆತನಿಗೆ. ‘ನೀರಿದೆ’ ಎಂದು ಕುಟ್ಟಿ ಹೊಸ ಸ್ಲೈಡು ಸೇರಿಸಿದ. ಸೇರಿಸಿದನೇ ಹೊರತು ಹಳೆಯದನ್ನು ತೆಗೆಯಲಿಲ್ಲ. ಗೋಡೆ ಈಗ ‘ನಾಳೆ’ ಅಂದಿತು, ‘ನೀರಿಲ್ಲ’ ಅಂದಿತು, ‘ನೀರಿದೆ’ ಅಂದಿತು, ‘ಧನ್ಯವಾದ’ ಅಂದಿತು.

ಆಮೇಲೆ ದರ್ಜಿಯ ದನಿ ಮೇಲಿನವರೆಗೂ ಕೇಳಿಸಿತು.

“ಇದು ಇಲಾಖೆಯೋರದ್ದೇ ಕಣ್ರಪ್ಪೋ, ಅನುಮಾನಾನೇ ಇಲ್ಲ! ತುಂಬಿಸ್ಕೊಳ್ಳಿ!”

ಮಿಕ್ಕಿದ್ದ ಲೋಟಗಳೂ ಹೊರಬಂದವು.

ಊಟದ ಹೊತ್ತಿಗೆ ದೊಡ್ಡ ಸಾಹೇಬರ ಜೀಪು ಬಂದು ನಿಂತಿತು. ಟ್ಯಾಂಕು ತಳ ಕಂಡಿತ್ತು. ಸಂಜೆಯೇ ಬಂದು ಅತಿಥಿಗೃಹದಲ್ಲಿ ಇಳಿದುಕೊಂಡಿದ್ದ ಸಮಿತಿಯ ಅಧ್ಯಕ್ಷರು ತಲೆಗೆ ಸೋಪು ಹಚ್ಚಿಕೊಂಡು ನಿಂತಿದ್ದಾಗ ಷವರ್ ನಿಂತುಹೋಗಿ, ಅವರ ಕೂಗಾಟವನ್ನು ಕೇಳಿ ಸಾಹೇಬರೇ ಎರಡು ಬಾಟಲಿ ಕುಡಿಯುವ ನೀರು ಹಿಡಿದು ಸ್ನಾನದ ಮನೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅವರ ಅಂಗಿಯ ತೋಳಿನಲ್ಲಿ ಇನ್ನೂ ನೊರೆಯಿತ್ತು.

“ಏನ್ರೀ ಮಾಡಿದ್ರಿ ನೀವು? ಆ ಟ್ಯಾಂಕ್ ತುಂಬೋದು ಇನ್ನು ನಾಳೆ ಸಂಜೆಗೆ!”

“ಹಾಗಾದ್ರೆ ಸ್ಲೈಡಲ್ಲಿ ಇರೋದು ಈಗ ನಿಜ ಸಾರ್,” ಅಂದ ತಿರುಗಣಿ, ಸಮಾಧಾನ ಹೇಳುವವನಂತೆ.

ಸಾಹೇಬರು ಸುತ್ತ ನಿಂತಿದ್ದ ಜನರನ್ನು ನೋಡಿ ದನಿ ತಗ್ಗಿಸಿದರು. “ಬೆಳಿಗ್ಗೆ ಸಮಿತಿ ಮುಂದೆ ನೀವೇ ನಿಂತ್ಕೋಬೇಕು. ಆಮೇಲೆ ನಿಮ್ಮ ವಿಚಾರ ನೋಡ್ತೀನಿ,” ಎಂದು ಹೇಳಿ ಹೊರಟರು.

ಬೆಳಗಾದಾಗ ಊರಿನ ಪ್ರತಿ ಮನೆಯಲ್ಲೂ ತುಳುಕುವಷ್ಟು ನೀರಿತ್ತು. ನೀರಿಲ್ಲದ ಮನೆಯೆಂದರೆ ನೀರಿನ ಆಫೀಸಿನವನದು ಮಾತ್ರ. ಅರ್ಧ ಕೊಡದಲ್ಲಿ ಟೀ ಮೊದಲೋ ಮುಖ ಮೊದಲೋ ಎಂದು ಗಂಡ ಹೆಂಡತಿ ಚರ್ಚಿಸಿದಾಗ ಟೀ ಗೆದ್ದಿತು. ತಿರುಗಣಿ ತಲೆ ಬಾಚಿದ್ದೇ ಸ್ನಾನವೆಂದುಕೊಂಡು ಹೊರಟ. ಮಾದರಿಯಾದದ್ದಕ್ಕೆ ಹೆಂಡತಿ ಒಂದು ಮಾತೂ ಆಡಲಿಲ್ಲ. ಖಾಲಿ ಕೊಡ ಸೊಂಟಕ್ಕಿಟ್ಟು ನರ್ಸಮ್ಮನ ಮನೆಯ ಕಡೆ ಇಳಿದಳು. ಬೈದಿದ್ದರೆ ಆತನಿಗೆ ಎಷ್ಟೋ ಹಗುರಾಗುತ್ತಿತ್ತು.

ಸಭೆಯ ಕೋಣೆಯಲ್ಲಿ ಅಧ್ಯಕ್ಷರು ನಡುವೆ ಕೂತಿದ್ದರು. ಕಣ್ಣು ಸೋಪಿಗೆ ಕೆಂಡದಂತಾಗಿತ್ತು. ತಿರುಗಣಿ ‘ನಾಳೆ’ ಸ್ಲೈಡು ಹಾಕಿದ. ಬಾಯಲ್ಲಿರಬೇಕಾದದ್ದು ಯಾವುದೂ ಬಾಯಲ್ಲಿರಲಿಲ್ಲ. ಸುಮ್ಮನೆ ನಿಲ್ಲಲಾಗದೆ ಪರದೆಯ ಮುಂದೆ ಅತ್ತಿಂದಿತ್ತ ಓಡಾಡಿದ. ಅಷ್ಟರಲ್ಲಿ ಮುಂದಿನದು ಬಂದು, ‘ನೀರಿಲ್ಲ’ ಎಂಬುದು ಆತನ ಹಣೆಯ ಮೇಲೇ ಬಿತ್ತು.

“ನಿಲ್ಲಿ,” ಅಂದರು ಅಧ್ಯಕ್ಷರು. “ನಿನ್ನೆ ಸಂಜೆ ನನ್ನ ತಲೆ ತುಂಬ ಸೋಪಿತ್ತು. ಆಗ ನೀರು ನಿಂತಿದ್ದು ಇದೇನಾ?”

ಅಧ್ಯಕ್ಷರು ಇದ್ದಕ್ಕಿದ್ದಂತೆ ಗಹಗಹಿಸಿ ನಕ್ಕರು.

“ಎಷ್ಟು ವರ್ಷದಿಂದ ಸ್ಲೈಡ್ ನೋಡ್ತಾ ನಿದ್ದೆ ಮಾಡಿದೀನಿ! ಸ್ನಾನದ ಮನೆಗೇ ಬಂದು ಎಬ್ಬಿಸಿದ್ದು ಇದೊಂದೇ. ಯಾರ ಯೋಚನೆ ಇದು?”

“ನಂದೇ ಸಾರ್,” ಸಾಹೇಬರು ಥಟ್ಟನೆ ಎದ್ದರು. “ಪ್ರತ್ಯಕ್ಷ ತೋರಿಸೋಣ ಅಂತ.”

“ಅಂದ್ರೆ ಬೇಕಂತಾನೇ ಇಡೀ ಊರಿಗೆ ನೀರು ನಿಲ್ಲಿಸಿದ್ರಾ? ಆಸ್ಪತ್ರೆಗೂ?” ಅಧ್ಯಕ್ಷರ ನಗು ಮಾಯವಾಯಿತು.

“ಇವರದು ಸಾರ್,” ಸಾಹೇಬರು ಅಷ್ಟೇ ಥಟ್ಟನೆ ಕೂತರು. “ಪೂರ್ತಿ ಇವರದೇ.”

“ಆಸ್ಪತ್ರೆಗೆ ಬೇರೆ ಬೋರ್‌ವೆಲ್ ಇದೆ ಸಾರ್!” ತಿರುಗಣಿಯ ಬಾಯಿ ಕೊನೆಗೂ ಬಿಚ್ಚಿಕೊಂಡಿತು. “ನಾವ್ಯಾರೂ ನಿಲ್ಲಿಸಲಿಲ್ಲ. ನಮ್ಮನೆ ಕಿಟಕಿಯಿಂದ ಎದುರು ಗೋಡೆ ಮೇಲೆ ಬಿದ್ದ ನನ್ನ ಸ್ಲೈಡ್ ನೋಡಿ ಜನ ಹೆದರಿ ನಲ್ಲಿ ತಿರುಗಿಸ್ಬಿಟ್ರು, ಎಲ್ರೂ ಒಟ್ಟಿಗೆ. ಒಂದು ಸಂಜೆ ತಡ್ಕೊಳ್ಳೋ ಶಕ್ತಿ ಇಲ್ಲ ಸಾರ್ ಆ ಟ್ಯಾಂಕಿಗೆ. ದಿಬ್ಬದ ಮೇಲಿನ ಮನೆಗಳಿಗೆ ನಿನ್ನೆ ಅಂತಲ್ಲ, ಯಾವತ್ತೂ ಇಲ್ಲ. ನಾನು ಇಲಾಖೆಯೋನು, ನನ್ನ ಹೆಂಡ್ತಿ ಕಂಡೋರ ಮನೆಯಿಂದ ಕೊಡ ಹೊರ್ತಾಳೆ. ಇವತ್ತೂ ಹೊತ್ಳು. ನಾನು ಸ್ನಾನ ಮಾಡದೆ ಬಂದಿದೀನಿ ಸಾರ್.”

ಇಷ್ಟನ್ನೂ ಆತ ಒಂದೇ ಜಾಗದಲ್ಲಿ ನಿಂತು ಹೇಳಿದ್ದನ್ನು ಕಚೇರಿಯವರು ಆಮೇಲೆ ಬಹಳ ದಿನ ಮಾತಾಡಿಕೊಂಡರು.

ಅಧ್ಯಕ್ಷರು ಕೆಂಪು ಕಣ್ಣನ್ನು ಒರೆಸಿಕೊಂಡು ಪಕ್ಕದವರತ್ತ ಬಾಗಿದರು. “ಟ್ಯಾಂಕ್ ಬರ್ಕೊಳ್ಳಿ. ದಿಬ್ಬದ ಮೇಲೇ.” ತಿರುಗಣಿಯ ಕಡೆ ತಿರುಗಿ, “ನಿಮಗೂ ಒಂದು ಮಾತು. ಇನ್ಮೇಲೆ ಮನೇಲಿ ಕಿಟಕಿ ಮುಚ್ಕೊಂಡು ಕೆಲಸ ಮಾಡಿ,” ಅಂದರು.

ಸಂಜೆ ತಿರುಗಣಿ ಹಿಗ್ಗಿನಿಂದ ಬೀದಿ ಹತ್ತುತ್ತಿದ್ದಾಗ ಟ್ಯಾಂಕು ತುಂಬಿ ನಲ್ಲಿಗಳಲ್ಲಿ ನೀರು ಬಿಟ್ಟಿದ್ದರು. ಬಿಟ್ಟ ಮೇಲೆ ನಿನ್ನೆಯ ನೀರು ಯಾರಿಗೆ ಬೇಕು? ಒಬ್ಬೊಬ್ಬರೂ ಹಂಡೆ ಬಗ್ಗಿಸುತ್ತಿದ್ದರು. ಹೊಸ ನೀರು ಹಿಡಿಯುವ ಆತುರದಲ್ಲಿ ಹಳೆಯದು ಬೀದಿಗೆ. ದರ್ಜಿ ರೇನ್‌ಕೋಟಿನ ಹೊಲಿಗೆ ಬಿಚ್ಚುತ್ತಿದ್ದ. ಇಳಿಜಾರಿನಲ್ಲಿ ಹೊಳೆಯೇ ಹರಿದು ತಿರುಗಣಿಯ ಚಪ್ಪಲಿ ತೇಲಿತು. ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

“ಸಾರ್!” ಅತ್ತ ಪಂಪಿನವನು. “ಮತ್ತೆ ಇಳೀತಿದೆ ಸಾರ್!”

“ಚೆಲ್ಲಬೇಡ್ರೀ! ದಯವಿಟ್ಟು ಯಾರೂ ಚೆಲ್ಲಬೇಡಿ! ಟ್ಯಾಂಕ್ ಮತ್ತೆ ಖಾಲಿಯಾಗುತ್ತೆ!” ತಿರುಗಣಿ ಮನೆಯಿಂದ ಮನೆಗೆ ಓಡಿದ. ಜನ ತಲೆಯಾಡಿಸಿದರು, ನಕ್ಕರು, ಚೆಲ್ಲಿದರು. ನಿನ್ನೆಯಿಂದ ಆತನ ಮಾತಿಗೆ ಬೀದಿಯಲ್ಲಿ ಬೆಲೆ ಅಷ್ಟಕ್ಕಷ್ಟೇ ಆಗಿತ್ತು.

ಆಗ ಮೇಲಿನ ಕಿಟಕಿ ದಡಾರನೆ ತೆರೆಯಿತು.

“ಯಾರಾದ್ರೂ ಇನ್ನೊಂದು ಹನಿ ಚೆಲ್ಲಿ, ನೋಡ್ತೀನಿ!” ಹೆಂಡತಿಯ ದನಿ ಗೋದಾಮಿನ ಗೋಡೆಗೆ ಬಡಿದು ಬೀದಿಯುದ್ದಕ್ಕೂ ಉರುಳಿತು. “ನನ್ನ ನಲ್ಲೀಲಿ ಬೆಳಿಗ್ಗೆಯಿಂದ ನೀರೇ ಬಂದಿಲ್ಲ. ನಿಮಗೆ ಬೇಡದ ನೀರು ಕೊಡ ಸಮೇತ ಇಲ್ಲಿ ಹೊತ್ತು ತನ್ನಿ. ದರ್ಜಿ, ನೀನೂ! ಆ ಕೋಟು ಹಾಗೇ ಹೊತ್ಕೊಂಡ್ ಬಾ!”

ಬಗ್ಗಿದ್ದ ಹಂಡೆಗಳೆಲ್ಲ ಬಗ್ಗಿದಂತೆಯೇ ನಿಂತವು. ನರ್ಸಮ್ಮ ಮೊದಲು ಕೊಡ ಎತ್ತಿಕೊಂಡಳು. ಅವಳ ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ತೋಳು ಹೊಲಿದ ರೇನ್‌ಕೋಟನ್ನು ಕೂಸಿನಂತೆ ಅವಚಿಕೊಂಡ ದರ್ಜಿ. ಸಾಲು ಮೆಟ್ಟಿಲವರೆಗೆ ಬೆಳೆಯಿತು.

ತಿರುಗಣಿ ಬೀದಿಯ ನಡುವೆ ನಿಂತು, ನೆನೆದ ಚಪ್ಪಲಿ ಕೈಯಲ್ಲಿ ಹಿಡಿದು, ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದ.

“ಟ್ಯಾಂಕ್ ಸಿಕ್ತು ಕಣೇ!” ಎಂದು ಕೂಗಿದ.

ಹೆಂಡತಿ ಕಿಟಕಿಯಿಂದ ಬಗ್ಗಿ ಆತನನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

“ಅದು ಕಟ್ಟೋವರೆಗೂ ಹಾಗೇ ನಿಂತಿರ್ತೀರೇನು?” ಅಂದಳು. “ಬನ್ನಿ, ಅಜ್ಜಿ ಕೈಯಿಂದ ಆ ಕೊಡ ಇಸ್ಕೊಳ್ಳಿ.”